ಬೂಷ್ಟಿಗೆ ಎಸಿ, ಅವ್ವನಿಗೆ ಕೂಲರ್

ಕೊಳೆ ಎನ್ನುವುದು ಯಾವಾಗಲೂ ಬೇರೆಯವರ ಮನೆಯಲ್ಲಿರುವ ವಸ್ತು. ನಮ್ಮ ಮನೆಯ ಮೂಲೆಯಲ್ಲಿ ಅದೇ ಬಿದ್ದಿದ್ದರೆ ಅದಕ್ಕೆ ಕೊಳೆ ಎನ್ನುವುದಿಲ್ಲ, ‘ಇವತ್ತು ಗುಡಿಸಲಿಕ್ಕೆ ಆಗಲಿಲ್ಲ’ ಎನ್ನುತ್ತೇವೆ. ಐವತ್ತು ದಾಟುವವರೆಗೆ ನಾನೂ ಈ ನಂಬಿಕೆಯ ನೆರಳಲ್ಲಿ ಸುಖವಾಗಿದ್ದವನೇ. ನನ್ನ ಕಸುಬೂ ಅದಕ್ಕೆ ಒತ್ತಾಸೆಯಾಗಿತ್ತು. ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಇಕ್ಕಟ್ಟಾದ ಓಣಿಯಲ್ಲಿ ನಮ್ಮದು ಗೋಣಿಚೀಲದ ಅಂಗಡಿ, ತಾತನ ಕಾಲದ್ದು. ಹೊಸ ಚೀಲ ಮಾರುತ್ತೇವೆ. ಹಳೆಯ ಚೀಲ ಕೊಂಡು, ಕೊಡವಿ, ಹರಿದಲ್ಲಿ ಹೊಲಿಸಿ ಮತ್ತೆ ಮಾರುತ್ತೇವೆ. ಹಳೆಯ ಚೀಲವನ್ನು ಒಮ್ಮೆ ಜಾಡಿಸಿದರೆ ಅದರ ಪೂರ್ವಾಶ್ರಮವೆಲ್ಲ ಹೊರಗೆ ಬರುತ್ತದೆ: ಭತ್ತದ ಹೊಟ್ಟು, ಶೇಂಗಾದ ಸಿಪ್ಪೆ, ಯಾವುದೋ ಗೋದಾಮಿನ ಇಲಿಯ ಕೂದಲು. ಎದುರಿಗೆ ನಿಂತ ಗಿರಾಕಿ ಬಿಟ್ಟೂ ಬಿಡದೆ ಸೀನಿದರೆ ಅದು ಮೆಣಸಿನಕಾಯಿ ತುಂಬಿದ್ದ ಚೀಲ ಎಂದು ಮುಟ್ಟಿ ನೋಡದೆಯೇ ಹೇಳಬಲ್ಲೆ. ‘ಅಂಗಡ್ಯಾಗ ಧೂಳಿಲ್ಲ ಅಂದ್ರ ವ್ಯಾಪಾರಿಲ್ಲ ಅಂತ ತಿಳಕೋ’ ಎಂದು ಅಪ್ಪ ಹೇಳುತ್ತಿದ್ದ. ಅಂಥ ಧೂಳಿನ ವಂಶದವನ ಮನೆಯೊಳಗೇ ಒಂದು ಕ್ಲೀನ್ ರೂಮು, ಅಂದರೆ ಕಣ್ಣಿಗೆ ಕಾಣದ ಧೂಳಿಗೂ ಪ್ರವೇಶವಿಲ್ಲದ ಕೋಣೆ, ಹುಟ್ಟಿಕೊಂಡಿತು. ಹುಟ್ಟಿಸಿದವಳು ನನ್ನ ಹೆಂಡತಿ.

ಅವಳ ಹೆಸರು ವಿಶಾಲಾಕ್ಷಿ. ತವರು ಕುರುಗೋಡು. ಅಲ್ಲಿಯ ಒಂದು ಖಾಸಗಿ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದಳು. ಮದುವೆಯಾದ ಮೇಲೂ ಬಳ್ಳಾರಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಹುಡುಗರು ಕಡಿಮೆಯಾದರೆಂದು ಕಾಲೇಜಿನವರು ವಿಜ್ಞಾನ ವಿಭಾಗವನ್ನೇ ಮುಚ್ಚಿದರು. ಮನೆಗೆ ಬಂದು ಕೂತ ವಿಶಾಲಾ ಮೊದಲು ಅಡುಗೆಮನೆಯ ಡಬ್ಬಿಗಳನ್ನು ಓರಣ ಮಾಡಿದಳು, ಆಮೇಲೆ ನನ್ನ ಕಪಾಟನ್ನು ಮಾಡಿದಳು, ಆಮೇಲೆ ನನ್ನನ್ನೇ ದಿಟ್ಟಿಸಿ ನೋಡತೊಡಗಿದಳು. ನನಗೆ ಭಯವಾಯಿತು. ಅಷ್ಟರಲ್ಲಿ ಅದೃಷ್ಟಕ್ಕೆ ಅಣಬೆ ಬೇಸಾಯದ ತರಬೇತಿಯೊಂದಕ್ಕೆ ಹೋದಳು. ಬಂದವಳು ಹೇಳಿದಳು: “ಸಿರುಗುಪ್ಪದ ಕಡೆ ಭತ್ತದ ಹುಲ್ಲು ಬಣವಿ ಬಣವಿ ಬಿದ್ದೈತಿ. ಅದರಾಗ ಹಾಲು ಅಣಬಿ ಬೆಳೀಬೇಕು ಅಂತ ಹೆಣ್ಣುಮಕ್ಕಳು ಕಾಯಾಕತ್ಯಾರ. ಆದ್ರ ಬೀಜ ದೂರದಿಂದ ಬರಬೇಕು, ಬಸ್ಸಿನ ಮ್ಯಾಲ ಬಿಸಿಲಾಗ ಬೆಂದು ಸತ್ತೇ ಬರ್ತೈತಿ. ಬೀಜ ನಾನು ಮಾಡ್ಲೇನ್ರಿ?” ಬೀಜ ಎಂದರೆ ಮೆಂತ್ಯವೋ ಸಾಸಿವೆಯೋ ಇದ್ದಂತೆ ಒಂದು ಡಬ್ಬಿಯಲ್ಲಿ ಹಿಡಿಯುವ ಪದಾರ್ಥ ಎಂದು ನಾನು ತಿಳಿದೆ. ಹೆಂಡತಿಯ ಮಾತನ್ನು ಪೂರ್ತಿ ಕೇಳದೆ ‘ಮಾಡು, ಮಾಡು’ ಎನ್ನುವ ಗಂಡಸರ ಸಂಘದ ಹಳೆಯ ಸದಸ್ಯ ನಾನು. “ಮಾಡು, ಮಾಡು” ಎಂದೆ.

ಅಣಬೆಗೆ ಬೀಜವಿಲ್ಲ ಎಂದು ಆಮೇಲೆ ತಿಳಿಯಿತು. ಜೋಳವನ್ನು ಬೇಯಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿಗೆ ಹತ್ತಿಯ ಬಿರಡೆ ಕೊಟ್ಟು, ಆಳೆತ್ತರದ ಕುಕ್ಕರಿನಲ್ಲಿ ಹಬೆಗೆ ಇಡಬೇಕು. ಆರಿದ ಮೇಲೆ ಅದರೊಳಗೆ ಅಣಬೆಯ ಎಳೆ ಹತ್ತಿದ ಕಾಳು ಒಂದಿಷ್ಟು ಹಾಕಿ ಮುಚ್ಚಬೇಕು. ದಿನ ಕಳೆದಂತೆ ಬಿಳಿಯ ನೂಲು ಹಬ್ಬಿ ಇಡೀ ಜೋಳ ಅರಳೆಯ ಉಂಡೆಯಂತಾಗುತ್ತದೆ. ಅದೇ ಬೀಜ. ಒಟ್ಟಿನಲ್ಲಿ ಒಂದು ಬೂಷ್ಟನ್ನು ಮುದ್ದಿನಿಂದ ಬೆಳೆಸುವುದು, ಉಳಿದ ಬೂಷ್ಟುಗಳು ಅತ್ತ ಸುಳಿಯದಂತೆ ಕಾಯುವುದು. ಈ ಉಳಿದ ಬೂಷ್ಟುಗಳ ಬೀಜಾಣುಗಳು ಗಾಳಿಯಲ್ಲೆಲ್ಲ ತೇಲುತ್ತಿರುತ್ತವೆಯಂತೆ. ಕಣ್ಣಿಗೆ ಕಾಣುವುದಿಲ್ಲ. ನೀರು, ಕೂಳು ಯಾವುದೂ ಇಲ್ಲದೆ ಎಲ್ಲೋ ಒಂದು ಸಂದಿಯಲ್ಲಿ ವರ್ಷಗಟ್ಟಲೆ ಮಲಗಿರುತ್ತವೆ. ಬೇಯಿಸಿದ ಜೋಳ ಸಿಕ್ಕಿದ್ದೇ ತಡ ಎದ್ದು ಕೂರುತ್ತವೆ. ನಮ್ಮ ಕಡೆಯ ಕೆಲವು ನೆಂಟರ ಸ್ವಭಾವವೂ ಹೆಚ್ಚುಕಡಿಮೆ ಇದೇ ಆದ್ದರಿಂದ ನನಗೆ ಈ ಪಾಠ ಬೇಗ ಅರ್ಥವಾಯಿತು. ಅವ್ವನಿಗೆ ಮಾತ್ರ ಅರ್ಥವಾಗಲಿಲ್ಲ. ಮೋಕಾದ ಜೋಳದ ಹೊಲಗಳ ನಡುವೆ ಬೆಳೆದ ಅವ್ವ, ಬಿಳಿಜೋಳದ ಚೀಲ ಕುಕ್ಕರಿಗೆ ಹೋಗುವುದನ್ನು ನೋಡಿ ಎದೆ ಹಿಡಿದುಕೊಂಡಳು. “ರೊಟ್ಟಿ ಆಗೋ ಜ್ವಾಳ ಕುದಿಸಿ ಬೂಷ್ಟಿಗೆ ಹಾಕ್ತಾಳಲ್ಲೋ ಪಂಪಾ! ನಾಯಿಕೊಡಿಗೆ ಬಾಣಂತನ ಮಾಡಾಕ ನಿಂತಾಳಲ್ಲೋ!”

ಬಾಣಂತನಕ್ಕೆ ಕೋಣೆ ಬೇಕಲ್ಲ, ನನ್ನ ಕೋಣೆ ಹೋಯಿತು. ಭಾನುವಾರ ಮಧ್ಯಾಹ್ನ ನಾನು ಕಾಲು ಚಾಚಿ ಮಲಗುತ್ತಿದ್ದ ಉತ್ತರದ ಕೋಣೆಯದು. ಮಂಚ ಹೊರಗೆ ಬಂತು, ನಾನು ಮಂಚದ ಹಿಂದೆ ಬಂದೆ. ನಮ್ಮ ಓಣಿಯ ಬಡಗಿ ಖಾಜಾಸಾಬ ಕಿಟಕಿ, ಬೆಳಕಿಂಡಿಗಳನ್ನೆಲ್ಲ ಮುಚ್ಚಿ, ಗೋಡೆಗೆ ನುಣುಪು ಹಾಳೆ ಹೊಡೆದು, ಬಾಗಿಲಿಗೆ ಗಾಜಿನ ಕಿಂಡಿ ಇಟ್ಟು, ಬಾಗಿಲ ಹಿಂದೆ ಬಟ್ಟೆ ಬದಲಿಸಲು ಒಂದು ಪುಟ್ಟ ಅಡ್ಡಗೋಡೆ ಮಾಡಿಕೊಟ್ಟ. ಒಳಗೆ ಫಿಲ್ಟರಿನ ಪೆಟ್ಟಿಗೆ ಬಂತು: ಹೊರಗಿನ ಗಾಳಿಯನ್ನು ಸೋಸಿ ಒಳಗೆ ತುಂಬುತ್ತದೆ, ಒಳಗಿನ ಗಾಳಿ ಸಂದಿಗಳಿಂದ ಸದಾ ಹೊರಕ್ಕೆ ನುಗ್ಗುತ್ತಿರುತ್ತದೆ, ಹಾಗಾಗಿ ಧೂಳು ಒಳಗೆ ಬರಲಾರದು, ಇದು ಲೆಕ್ಕ. ಖಾಜಾಸಾಬ ಕೆಲಸ ಮುಗಿಸಿ ನನ್ನನ್ನು ಪಕ್ಕಕ್ಕೆ ಕರೆದ. “ಪಂಪಣ್ಣ, ತಪ್ಪು ತಿಳೀಬ್ಯಾಡ್ರಿ. ಕಿಡಕಿ ಇಲ್ಲ, ಬಾಗಿಲ ಬಿಗಿ, ಒಳಗಿನವ್ರು ಕೂಗಿದ್ರೂ ಹೊರಗ ಕೇಳಂಗಿಲ್ಲ. ಮನ್ಯಾಗ ನೀವು ಅಕ್ಕ ಚೆಂದಾಗಿ ಅದೀರಿಲ್ಲೋ?”

ಆ ಕೋಣೆಗೆ ಎಸಿಯೂ ಬಂತು. ಇಲ್ಲಿಂದಲೇ ಮನೆಯ ನಿಜವಾದ ತಂಟೆ ಶುರುವಾದದ್ದು. ನಮ್ಮೂರ ಬೇಸಿಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಧ್ಯಾಹ್ನ ನಲ್ಲಿ ತಿರುವಿದರೆ ಚಹಾಪುಡಿ ಹಾಕುವುದಷ್ಟೇ ಬಾಕಿ. ಅವ್ವ ಆ ಕಾಲವನ್ನು ನಡುಮನೆಯ ಕೂಲರಿನ ಎದುರು ಕೂತು ಕಳೆಯುತ್ತಾಳೆ. ದೊಡ್ಡ ತಗಡಿನ ಕೂಲರು, ಮೂರು ಕಡೆ ಹುಲ್ಲಿನ ಪರದೆ, ನೀರು ಸುರಿಯುವ ಸದ್ದು. ಅವಳ ಪಾಲಿಗೆ ಅದು ತುಂಗಭದ್ರೆಯ ದಂಡೆ. ಈಗ ಸೊಸೆ ಬೂಷ್ಟಿಗೆ ಎಸಿ ಹಾಕಿಸಿದಳೆಂದು ಓಣಿಗೆಲ್ಲ ಗೊತ್ತಾಯಿತು.

“ಈ ಅಣಬಿ ಬಿಸಿಲಾಗ ಬೆಳಿಯೋದು ಅಂದಿದ್ದಿ. ಮತ್ತ ಎಸಿ ಯಾಕವ್ವಾ?” ಎಂದು ಅವ್ವ ಕೇಳಿದಳು.

“ದೊಡ್ಡದಾದ ಮ್ಯಾಲ ತಡಕಂತೈತಿ ಅತ್ತಿ. ಕೂಸಿದ್ದಾಗ ತಡಕಣಂಗಿಲ್ಲ.”

“ನಾವು ಕೂಸಿದ್ದಾಗ ಮೋಕಾದಾಗ ಯಾವ ಎಸಿ ಇತ್ತು? ನಾವೇನು ಬೂಷ್ಟಿಗಿಂತ ಕಡಿಮಿ ಇದ್ದಿವೇನು?”

ವಿಶಾಲಾ ನಕ್ಕು ಒಳಗೆ ಹೋದಳು. ಅವಳು ಒಳಗೆ ಹೋಗುವುದೆಂದರೂ ಒಂದು ಕಾರ್ಯಕ್ರಮವೇ. ಸ್ನಾನ, ಒಗೆದ ನುಣುಪು ಬಟ್ಟೆಯ ನಿಲುವಂಗಿ, ಕೂದಲೆಲ್ಲ ಮುಚ್ಚುವ ಟೊಪ್ಪಿಗೆ, ಮುಖಗವಸು, ಕೈಗವಸು, ಒಳಗಿನದೇ ಚಪ್ಪಲಿ. ಎಲ್ಲ ತೊಟ್ಟ ಮೇಲೆ ಕಾಣುವುದು ಎರಡು ಕಣ್ಣು ಮಾತ್ರ; ವಿಶಾಲಾಕ್ಷಿ ಎಂದು ಹೆಸರಿಟ್ಟ ಮಾವನವರ ದೂರದೃಷ್ಟಿಗೆ ನಾನು ಅಂದು ತಲೆದೂಗಿದೆ. ಒಳಗೆ ಜೋರಾಗಿ ನಡೆಯಬಾರದು, ಮಾತಾಡಬಾರದು, ಕೈ ಬೀಸಬಾರದು. ಮನುಷ್ಯನೇ ಎಲ್ಲಕ್ಕಿಂತ ದೊಡ್ಡ ಧೂಳಿನ ಮೂಲವಂತೆ. ಸುಮ್ಮನೆ ನಿಂತರೂ ಮೈಯಿಂದ ಹೊಟ್ಟು ಉದುರುತ್ತಲೇ ಇರುತ್ತದೆಯಂತೆ. ಇದನ್ನು ಹೇಳುವಾಗ ಅವಳು ‘ಮನುಷ್ಯ’ ಎಂದಳು, ನೋಡಿದ್ದು ನನ್ನನ್ನು. ಅಂಗಡಿಯಿಂದ ಬಂದವನು ಹಿತ್ತಲ ಬಾಗಿಲಿನಿಂದ ಬರಬೇಕು, ಅಂಗಿ ಅಲ್ಲೇ ಬಿಚ್ಚಬೇಕು, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು ಎಂದು ಆಜ್ಞೆಯಾಯಿತು. ಅದಿಲ್ಲದೆ ಕೋಣೆಯ ಬಾಗಿಲ ಸಮೀಪಕ್ಕೆ ಹೋಗುವಂತಿಲ್ಲ. ಅವ್ವನಿಗೆ ಈ ಒಂದು ವಿಷಯದಲ್ಲಿ ಮಾತ್ರ ಸೊಸೆ ಹೇಳಿದ್ದೆಲ್ಲ ಸರಿಕಂಡಿತು. “ನಾ ಈ ಮನಿಗೆ ಬಂದಾಗಿಂದ ಹೇಳಾಕತ್ತೀನಿ, ಚೀಲದ ಧೂಳು ಮನಿಯೊಳಗ ತರಬ್ಯಾಡ್ರಿ ಅಂತ. ನಿಮ್ಮಪ್ಪನೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ಈಗ ಓದಿದಾಕಿ ಹೇಳಿದ ಮ್ಯಾಲ ಜಳಕ ಮಾಡ್ತಿ.”

ಇಷ್ಟೆಲ್ಲ ಮಾಡಿಯೂ ಮೊದಲ ಸಲದ ಚೀಲಗಳು ಕೆಟ್ಟವು. ಜೋಳ ಹುಳಿತು ಲೋಳೆಯಾಯಿತು. ಕಾಳಿನೊಳಗೇ ಅಡಗಿದ್ದ ಬ್ಯಾಕ್ಟೀರಿಯಾದ ಬೀಜಾಣುಗಳ ಕೆಲಸ ಅದು, ಅವು ಕುದಿಯುವ ನೀರಿಗೂ ಸಾಯುವುದಿಲ್ಲ ಎಂದು ವಿಶಾಲಾ ಹೇಳಿದಳು. ಅದಕ್ಕೊಂದು ಉಪಾಯವನ್ನೂ ಕಂಡುಕೊಂಡಳು. ಜೋಳವನ್ನು ಹಿಂದಿನ ದಿನವೇ ನೆನೆಸಿಡುವುದು. ಒದ್ದೆಯಾದೊಡನೆ ಒಳ್ಳೆಯ ಕಾಲ ಬಂತೆಂದು ನಂಬಿ ಆ ಬೀಜಾಣುಗಳು ಗಟ್ಟಿ ಚಿಪ್ಪು ಬಿಟ್ಟು ಏಳುತ್ತವೆ. ಎದ್ದಾಗ ಮೈ ಮೆತ್ತಗಿರುತ್ತದೆ. ಆಗ ಕುಕ್ಕರಿಗೆ ಹಾಕಿ, ಮೊದಲಿಗಿಂತ ಹೆಚ್ಚು ಹೊತ್ತು ಒತ್ತಡದ ಹಬೆ ಕೊಟ್ಟು ಮುಗಿಸಿಬಿಡುವುದು.

“ಮಲಗಿದವರನ್ನ ಎಬ್ಬಿಸಿ ಕೊಲ್ಲೋದು ಪಾಪ ಅಲ್ಲೇನು?” ಎಂದು ನಾನು ಕೇಳಿದೆ.

“ನಿಮ್ಮನ್ನ ದಿನಾ ಎಬ್ಬಿಸಿ ಜೀವಂತ ಬಿಟ್ಟೀನಿಲ್ಲೋ? ಅಷ್ಟಕ್ಕ ಸಂತೋಷ ಪಡ್ರಿ.”

ಉಪಾಯ ಫಲಿಸಿತು. ಹುಳಿವಾಸನೆ ನಿಂತಿತು. ಆದರೆ ಅದರ ಬೆನ್ನಿಗೇ ಹಸಿರು ಬಂತು. ಬಿಳಿ ನೂಲು ಚೆನ್ನಾಗಿ ಹಬ್ಬುತ್ತಿರುವಾಗಲೇ ಚೀಲದ ಒಂದು ಮಗ್ಗುಲಲ್ಲಿ ಹಸಿರು ಚುಕ್ಕೆ ಕಾಣಿಸುತ್ತಿತ್ತು. ನೋಡುತ್ತಿದ್ದಂತೆ ಪಾಚಿಯಂತೆ ಚೀಲವನ್ನೆಲ್ಲ ನುಂಗುತ್ತಿತ್ತು. ವಿಶಾಲಾ ಎಲ್ಲವನ್ನೂ ಸ್ಪಿರಿಟ್ಟಿನಿಂದ ಒರೆಸುತ್ತಿದ್ದಳು. ಸ್ಪಿರಿಟ್ಟಿಗೆ ಉಳಿದ ಕ್ರಿಮಿ ಸಾಯುತ್ತವೆ, ಬೀಜಾಣು ಮಾತ್ರ ಅಭ್ಯಂಜನವಾದ ಹಾಗೆ ಹಾಯಾಗಿರುತ್ತದೆ ಎಂದು ನೆನಪಾಗಿ ಬ್ಲೀಚಿಂಗ್ ನೀರಿನಿಂದ ಒರೆಸತೊಡಗಿದಳು. ಹಸಿರು ಕಡಿಮೆಯಾಯಿತು, ನಿಲ್ಲಲಿಲ್ಲ. ಇತ್ತ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಿಂದ ಈರಮ್ಮನ ಫೋನು ಬರುತ್ತಲೇ ಇತ್ತು. ಈರಮ್ಮ ಅಲ್ಲಿಯ ಹೆಣ್ಣುಮಕ್ಕಳ ಸಂಘದ ಹಿರಿಯಳು, ವಿಶಾಲಾಗೆ ತರಬೇತಿಯಲ್ಲಿ ಪರಿಚಯವಾದವಳು. ಬೀಜ ಕೊಡುತ್ತೇನೆಂದು ವಿಶಾಲಾ ಅವಳಿಗೆ ಮಾತು ಕೊಟ್ಟಿದ್ದಳು. “ಅಕ್ಕಾ, ಹುಲ್ಲು ಕತ್ತರಿಸಿ ಕುಂತೀವಿ. ಕಾಲಿವಿಗೆ ನೀರು ಬಿಟ್ರಂದ್ರ ಎಲ್ಲಾರೂ ನಾಟಿಗೆ ಹೊಕ್ಕಾರ, ಆಮ್ಯಾಲ ಯಾರ ಕೈಗೂ ಪುರುಸೊತ್ತಿಲ್ಲ. ಹೌದಂದ್ರ ಹೌದನ್ನು, ಇಲ್ಲಂದ್ರ ಇಲ್ಲನ್ನು” ಎನ್ನುತ್ತಿದ್ದಳು.

ಒಂದು ಸಂಜೆ ನಾನು ಹಿತ್ತಲ ಬಾಗಿಲಿನಿಂದ ನಿಯಮದ ಪ್ರಕಾರ ಬಂದೆ. ವಿಶಾಲಾ ಮೆಟ್ಟಿಲ ಮೇಲೆ ಕೂತಿದ್ದಳು. ಮುಖಗವಸು ಗದ್ದಕ್ಕೆ ಇಳಿದಿತ್ತು. ಎದುರಿಗೆ ಕೆಟ್ಟ ಮಾಲು ಹೂಳಲು ತೋಡಿಸಿದ್ದ ಗುಂಡಿ, ಅದರ ತುಂಬ ಹಸಿರು ಹಿಡಿದ ಚೀಲಗಳು. ಅಳುತ್ತಿರಲಿಲ್ಲ, ಅತ್ತು ಮುಗಿದಿತ್ತು. “ಇಷ್ಟು ವರ್ಷ ಹುಡುಗರಿಗೆ ಇದನ್ನ ಬೋರ್ಡಿನ ಮ್ಯಾಲ ಚಿತ್ರ ಬರದು ಹೇಳಿಕೊಟ್ಟೀನ್ರಿ. ಹೊರಗ ನಿಂತು ಹೇಳೋದು ಎಷ್ಟು ಸಸಾರ ಇತ್ತು” ಎಂದಳು. ನನಗೆ ಸಮಾಧಾನ ಹೇಳುವ ಕಲೆ ಒಲಿದಿಲ್ಲ. ಗಿರಾಕಿಗೆ ಹೇಳುವಂತೆ, “ಹಳೀ ಮಾಲು ಹೋತು, ಹೊಸಾದು ಬರ್ತೈತಿ ಬಿಡು” ಎಂದೆ. ಆಮೇಲೆ, ನನ್ನಿಂದಲೇ ಹೀಗಾಗುತ್ತಿದ್ದರೆ ನಾನು ಕೆಲವು ದಿನ ಅಂಗಡಿಯಲ್ಲೇ ಮಲಗುತ್ತೇನೆ ಎಂದೂ ಹೇಳಿದೆ. ಅದು ತ್ಯಾಗದ ಮಾತು. ಅವಳು ತಲೆಯೆತ್ತಿ ನೋಡಿ, “ನಿಮ್ಮಿಂದನ ಅಂತ ಹೆಂಗ ಹೇಳೋದು? ನೋಡೇ ಬಿಡೋಣು” ಎಂದು ಎದ್ದು ನಿಂತಳು.

ನೋಡುವುದೆಂದರೆ ಹೀಗೆ. ಆಲೂಗಡ್ಡೆ ಬೇಯಿಸಿದ ನೀರಿಗೆ ಸಕ್ಕರೆ ಹಾಕಿ, ಹಲ್ವದಂತೆ ಗಟ್ಟಿಯಾಗುವ ಒಂದು ಪುಡಿ ಸೇರಿಸಿ, ಮುಚ್ಚಳವಿರುವ ಸಣ್ಣ ಗಾಜಿನ ತಟ್ಟೆಗಳಿಗೆ ಹೊಯ್ದು ಹಬೆಯಲ್ಲಿ ಶುದ್ಧ ಮಾಡಿದಳು. ಆ ತಟ್ಟೆಯನ್ನು ಎಲ್ಲಿ ಸ್ವಲ್ಪ ಹೊತ್ತು ತೆರೆದಿಡುತ್ತೇವೋ ಅಲ್ಲಿಯ ಗಾಳಿಯಲ್ಲಿರುವ ಬೀಜಾಣು ಅದರ ಮೇಲೆ ಬಿದ್ದು ಕೆಲವೇ ದಿನಗಳಲ್ಲಿ ಮೊಳೆತು ತನ್ನ ಬಣ್ಣ ತೋರಿಸುತ್ತದೆ. ಅಡುಗೆಮನೆಗೆ ಒಂದು, ಅವ್ವನ ಕೋಣೆಗೆ ಒಂದು, ನಡುಮನೆಗೆ ಒಂದು, ಕ್ಲೀನ್ ರೂಮಿಗೆ ಒಂದು ಇಟ್ಟಳು. ನನಗೇ ಅಂತ ಪ್ರತ್ಯೇಕ ಒಂದು. ಅಂಗಡಿಯ ಅಂಗಿ ತೊಟ್ಟು ತಟ್ಟೆಯ ಮೇಲೆ ಬಗ್ಗಿ ನಿಂತು ಎದೆ ತಟ್ಟಿಕೊಳ್ಳಬೇಕೆಂದಳು. ತಟ್ಟಿಕೊಂಡೆ. ನನಗೆ ಯಾಕೋ ಪರೀಕ್ಷೆಗೆ ರಕ್ತ ಕೊಟ್ಟು ಬಂದವನ ತಳಮಳ. ಅವ್ವನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. “ನನ್ನ ಕ್ವಾಣಿ ತಟ್ಟಿ ಕನ್ನಡಿ ಇದ್ದಂಗ ಇರ್ತೈತಿ ನೋಡು. ಇವಂದು ಮಾತ್ರ ತಗಿಬ್ಯಾಡ್ರಿ, ಮುಚ್ಚಿದಂಗ ಒಯ್ದು ಹೂತು ಬಿಡ್ರಿ” ಎಂದಳು.

ಫಲಿತಾಂಶದ ದಿನ ವಿಶಾಲಾ ತಟ್ಟೆಗಳನ್ನು ಕಟ್ಟೆಯ ಮೇಲೆ ಜೋಡಿಸಿದಳು. ಮೊದಲು ನನ್ನದನ್ನು ನೋಡಿದಳು. ಅವಳ ಕಣ್ಣು ಇನ್ನಷ್ಟು ವಿಶಾಲವಾದವು. ಕಪ್ಪು, ಬೂದು, ಕಂದು, ಒಂದು ಕಡೆ ಹಳದಿಯ ಕುಚ್ಚು. ತಟ್ಟೆಯಲ್ಲಿ ಎಳ್ಳು ಹಾಕುವಷ್ಟು ಜಾಗವಿಲ್ಲ. ನಾನು ತಲೆ ತಗ್ಗಿಸಿದೆ. ಅವಳು ಇನ್ನೊಂದು ತಟ್ಟೆ ಕೈಗೆತ್ತಿಕೊಂಡಳು, ಕೆಟ್ಟ ಚೀಲವನ್ನು ಪಕ್ಕಕ್ಕಿಟ್ಟು ನೋಡಿದಳು, ಮತ್ತೆ ನನ್ನದನ್ನು ನೋಡಿದಳು.

“ರೀ, ನೀವಲ್ಲ.”

“ಅಂದ್ರ?”

“ನೀವು ಕೊಳಕೇ. ಅದರಾಗ ಅನುಮಾನಿಲ್ಲ. ಆದ್ರ ನಿಮ್ಮದು ಬ್ಯಾರೆ ಕೊಳಕು. ನಿಮ್ಮ ತಟ್ಟ್ಯಾಗ ಆ ಹಸಿರೇ ಇಲ್ಲ.”

ಜೀವನದಲ್ಲಿ ನನಗೆ ಎಷ್ಟೋ ಜನ ಒಳ್ಳೆಯ ಮಾತು ಹೇಳಿದ್ದಾರೆ. ಇದರಷ್ಟು ಎದೆ ತಂಪಾದದ್ದು ಯಾವುದೂ ಇಲ್ಲ. ಹಸಿರು ಇದ್ದದ್ದು ನಡುಮನೆಯ ತಟ್ಟೆಯಲ್ಲಿ, ಹೊಸ ಹುಲ್ಲುಗಾವಲಿನ ಹಾಗೆ. ಕ್ಲೀನ್ ರೂಮಿನ ತಟ್ಟೆಯಲ್ಲೂ ಅದರದೇ ಒಂದೆರಡು ಚುಕ್ಕೆ. ನಡುಮನೆಯ ತಟ್ಟೆ ಇಟ್ಟಿದ್ದು ಕೂಲರಿನ ಎದುರಿಗೆ. ವಿಶಾಲಾ ಕೂಲರಿನ ಮಗ್ಗುಲು ಬಿಚ್ಚಿ ಹುಲ್ಲಿನ ಪರದೆ ತೆಗೆದಳು. ಒಳಮೈಯೆಲ್ಲ ಹಸಿರು. ಆಮೇಲೆ ಊದಿನಕಡ್ಡಿ ಹಚ್ಚಿ, ಕೂಲರಿನ ಎದುರಿಗಿದ್ದ ಕ್ಲೀನ್ ರೂಮಿನ ಬಾಗಿಲ ಸಂದಿಗೆ ಹಿಡಿದಳು. ಹೊಗೆ ನಮ್ಮ ಕಡೆಗೆ ಬರಬೇಕಿತ್ತು. ಬಂತು. “ಈಗ ಕೂಲರ್ ಹಚ್ಚಿ, ಬಾಗಿಲ ಒಂದೀಟು ತಗೀರಿ” ಎಂದಳು. ಹಚ್ಚಿದೆ, ತೆಗೆದೆ. ಹೊಗೆ ಗಿರಕ್ಕನೆ ತಿರುಗಿ ಮದುವೆಮನೆಗೆ ನುಗ್ಗುವ ಬೀಗರಂತೆ ಒಳಗೆ ಹೋಯಿತು. ಫಿಲ್ಟರಿನ ಪುಟ್ಟ ಪೆಟ್ಟಿಗೆ ಹೊರಕ್ಕೆ ತಳ್ಳುವ ಗಾಳಿಯನ್ನು ತಗಡಿನ ರಾಕ್ಷಸ ಒಂದೇ ಉಸಿರಿಗೆ ಹಿಂದಕ್ಕೆ ದಬ್ಬುತ್ತಿತ್ತು. ವಿಶಾಲಾ ಬಾಗಿಲು ತೆರೆದಾಗಲೆಲ್ಲ ಹಸಿರಿನ ಬೀಜಾಣುಗಳು ತಣ್ಣಗೆ ಸವಾರಿ ಮಾಡಿಕೊಂಡು ಒಳಗೆ ಬರುತ್ತಿದ್ದವು.

ನಾನು ಗೆದ್ದವನ ಠೀವಿಯಿಂದ ಅವ್ವನ ಕಡೆ ತಿರುಗಿದೆ. ತಿರುಗಬಾರದಿತ್ತು. ಅವ್ವ ಬಿಚ್ಚಿಟ್ಟ ಕೂಲರಿನ ಮುಂದೆ ಕೂತು ಆ ಹುಲ್ಲನ್ನೇ ನೋಡುತ್ತಿದ್ದಳು. “ಹಂಗಾರ ನಂದೇನು ತಪ್ಪು?” ಎಂದು ಮೆಲ್ಲಗೆ ಕೇಳಿದಳು. “ಇಲ್ಲಿ ಕುಂತು ಗಾಳಿ ತಗಂಡಿದ್ದಕ್ಕ ಆ ಹುಡುಗಿ ಕೆಲಸೆಲ್ಲ ಹಾಳಾತೇನು?” ಯಾರೂ ಹಾಗೆ ಹೇಳಿರಲಿಲ್ಲ. ಆದರೂ ಊಟದ ಹೊತ್ತಿಗೆ ಅವ್ವನ ಸೀರೆಗಳು ಬ್ಯಾಗಿಗೆ ಸೇರಿದ್ದವು. “ಮೋಕಾಕ್ಕ ಹೋಗಿ ಬರ್ತೀನಿ. ತಮ್ಮನ ಮನಿ ಮುಂದ ಬೇವಿನ ಗಿಡ ಐತಿ. ಅದಕ್ಕ ಕರೆಂಟೂ ಬ್ಯಾಡ, ನೀರೂ ಬ್ಯಾಡ. ಬೂಷ್ಟಿನ ಬಾಣಂತನ ಮುಗದ ಮ್ಯಾಲ ಹೇಳಿ ಕಳಸ್ರಿ” ಎಂದಳು. ಅದರಲ್ಲಿ ಸಿಟ್ಟು ಕಡಿಮೆ, ನೋವೇ ಹೆಚ್ಚು. ನಾನು ಎರಡೂ ಕಡೆ ನೋಡಿದೆ. ಕೂಲರ್ ಇದ್ದರೆ ಹಚ್ಚೊಳ್ಳಿಗೆ ಕೊಟ್ಟ ಮಾತು ಹೋಗುತ್ತದೆ, ಇಲ್ಲದಿದ್ದರೆ ಅವ್ವ ಹೋಗುತ್ತಾಳೆ. ಇಂಥ ಸಂದರ್ಭದಲ್ಲಿ ಮನೆಯ ಯಜಮಾನನಾದವನು ಏನು ಮಾಡಬೇಕೋ ಅದನ್ನೇ ಮಾಡಿದೆ: ಅಂಗಡಿಯಲ್ಲಿ ಕೆಲಸವಿದೆ ಎಂದು ಚಪ್ಪಲಿ ಮೆಟ್ಟಿದೆ.

ಬಾಗಿಲು ದಾಟುವ ಮೊದಲೇ ವಿಶಾಲಾಳ ದನಿ ಕೇಳಿತು. “ಅತ್ತಿ, ನೀವ್ಯಾಕ ಮೋಕಾಕ್ಕ ಹೊಕ್ಕೀರಿ? ಒಳಗ ಬರ್ರಿ. ಎಸಿ ಅಲ್ಲೇ ಐತಲ್ಲ.”

“ಎಲ್ಲಿ ಒಳಗ?”

“ಕ್ಲೀನ್ ರೂಮಿನ್ಯಾಗ. ನಾ ಕೆಲಸ ಮಾಡೋ ಕಡೆ ಪ್ಲಾಸ್ಟಿಕ್ ಪರದಿ ಐತಲ್ಲ, ಅದರ ಈಚಿಗೆ ಚೀಲ ಜೋಡಿಸಿದಲ್ಲಿ ಸ್ಟೂಲು ಹಾಕಿ ಕೊಡ್ತೀನಿ. ಮಧ್ಯಾಹ್ನ ಅಲ್ಲೇ ಕುಂದರ್ರಿ. ಜಳಕ ಮಾಡಬೇಕು, ನಾ ಕೊಟ್ಟ ಅಂಗಿ ಟೊಪಿಗಿ ಹಾಕಬೇಕು, ಎಲಿ ಅಡಿಕಿ ಹಾಕೋ ಹಂಗಿಲ್ಲ.” ಇಷ್ಟು ಹೇಳಿ ವಿಶಾಲಾ ತಡವರಿಸಿದಳು. ಅವ್ವನ ಹಣೆಯ ಮೇಲೆ ವಿಭೂತಿಯ ಮೂರು ಪಟ್ಟೆ. ಪುಡಿ ಎಂಬುದು ಯಾವುದೂ ಆ ಕೋಣೆಗೆ ಆಗದು. ಅವ್ವನೇ ಹಣೆ ಮುಟ್ಟಿ ನೋಡಿಕೊಂಡಳು. “ಇದೂ ಉದುರತೈತಿ ಅಲ್ಲ? ಇರ್ಲಿ ಬಿಡು. ಕೊರಳಾಗ ಲಿಂಗ ಐತಿ, ಅದೇನು ಉದುರಂಗಿಲ್ಲ. ವಿಭೂತಿ ಹೊರಗ ಬಂದ ಮ್ಯಾಲ ಹಚ್ಚಿಕಂತೀನಿ” ಎಂದಳು. ನಾನು ಚಪ್ಪಲಿ ಬಿಟ್ಟು ಹಿಂದಕ್ಕೆ ಬಂದೆ. ಬಂದು ಮಾಡುವುದೇನೂ ಇರಲಿಲ್ಲ, ಬ್ಯಾಗಿನಿಂದ ಸೀರೆಗಳನ್ನು ತೆಗೆದಿಟ್ಟೆ.

ಕೂಲರ್ ಮಾಳಿಗೆಯ ಮೇಲೆ ಹೋಯಿತು. ಕೋಣೆಯನ್ನು ಮೇಲಿಂದ ಕೆಳಗೆ ಬ್ಲೀಚಿಂಗ್ ನೀರಿನಲ್ಲಿ ಒರೆಸಿ ಹೊಸದಾಗಿ ಶುರುಮಾಡಿದರು. ಅವ್ವ ಬಿಳಿ ನಿಲುವಂಗಿ ತೊಟ್ಟು ಒಳಗೆ ಹೋದ ಮೊದಲ ದಿನ ನಾನು ಗಾಜಿನ ಕಿಂಡಿಯಿಂದ ನೋಡಿದೆ. ಹೊರಗೆ ಅರೆಗಳಿಗೆ ಬಾಯಿ ಮುಚ್ಚದ ಅವ್ವ ಒಳಗೆ ಕಲ್ಲಿನ ಬಸವಣ್ಣನಂತೆ ಕೂತಿದ್ದಳು. ಕೈ ಅಲುಗುವುದಿಲ್ಲ, ತಲೆ ತಿರುಗುವುದಿಲ್ಲ, ಮನಸ್ಸಿನಲ್ಲೇ ಜಪ. ವಿಶಾಲಾಗೆ ಇದಕ್ಕಿಂತ ಒಳ್ಳೆಯ ಜೊತೆ ಬೇಕಿರಲಿಲ್ಲ. ಕೆಲವೇ ದಿನಗಳಲ್ಲಿ ಅವ್ವ ಚೀಲಗಳ ಮೇಲೆ ಕಣ್ಣಿಡತೊಡಗಿದಳು. ನಾಯಿಕೊಡೆ ಎಂಬ ಮಾತು ನಿಂತಿತು. “ಮ್ಯಾಲಿನ ಸಾಲಿನ್ಯಾವು ಚೊಲೋ ಹಬ್ಬ್ಯಾವು. ಮೂಲಿಯಾಗಿಂದು ಒಂದು ಯಾಕೋ ಸೊರಗೈತಿ, ಅದನ್ನ ತಗದು ಬ್ಯಾರೆ ಇಡು” ಎಂದು ಊಟಕ್ಕೆ ಕೂತಾಗ ಸೊಸೆಗೆ ವರದಿ ಒಪ್ಪಿಸುತ್ತಿದ್ದಳು. ಹಸಿರು ಮತ್ತೆ ಬರಲೇ ಇಲ್ಲವೆಂದರೆ ಸುಳ್ಳಾದೀತು. ಅಪರೂಪಕ್ಕೊಂದು ಚೀಲದಲ್ಲಿ ಬರುತ್ತಿತ್ತು, ಬಂದ ಕೂಡಲೇ ಅವ್ವನ ಕಣ್ಣಿಗೆ ಬಿದ್ದು ಗಡೀಪಾರಾಗುತ್ತಿತ್ತು.

ಕಾಲುವೆಗೆ ನೀರು ಬಿಡುವ ಸುದ್ದಿ ಬರುವ ಮೊದಲೇ ಬೀಜ ಸಿದ್ಧವಾಯಿತು. ಈರಮ್ಮ ತನ್ನ ಜೊತೆಗಾತಿಯರಿಬ್ಬರನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಬಂದಳು. ಕಿಂಡಿಯಿಂದ ಒಳಗೆ ನೋಡಿ, “ಯವ್ವಾ, ಹತ್ತಿ ಬಿಡಿಸಿ ಇಟ್ಟಂಗ ಐತಿ!” ಎಂದು ಕೆನ್ನೆಗೆ ಕೈ ಹಚ್ಚಿದಳು. ಒಳಗೆ ಹೋಗಿ ನೋಡುವ ಆಸೆ ಅವಳಿಗೆ. ವಿಶಾಲಾ ಉತ್ತರ ಕೊಡುವ ಮೊದಲೇ ಅವ್ವ ಬಾಗಿಲಿಗೆ ಅಡ್ಡ ನಿಂತಳು. “ಬಸ್ಸಿನ್ಯಾಗ ಬಂದೀರಿ. ಮಕಾ ಕೈ ಕಾಲು ತೊಳಕಳ್ರಿ. ಹೂವು ತಗೀರಿ. ಅಂಗಿ ಕೊಡ್ತೀನಿ. ಒಳಗ ಉಸುರು ಸಣ್ಣಗ ಬಿಡಬೇಕು.” ಈರಮ್ಮ ಹೇಳಿದ್ದನ್ನೆಲ್ಲ ಮಾಡಿ ಒಳಗೆ ಹೋದಳು. ಅವಳ ಹಿಂದೆ ಉಳಿದಿಬ್ಬರೂ ಸರದಿಯಲ್ಲಿ ಹೋದರು. ನನಗೂ ನೋಡಬೇಕೆನಿಸಿ, “ಅವ್ವ, ನಾನೂ ಜಳಕ ಮಾಡೀನಿ” ಎಂದೆ. ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬಾಗಿಲು ಹಾಕಿಕೊಂಡಳು. ಈರಮ್ಮನ ಚೀಲ, ಛತ್ರಿ, ನೀರಿನ ಬಾಟಲಿ ಹಿಡಿದುಕೊಂಡು ನಾನು ಅವರ ಚಪ್ಪಲಿಗಳ ಪಕ್ಕ ನಿಂತಿದ್ದೆ. ಹೊರಟಾಗ ಈರಮ್ಮ ಬೀಜದ ಚೀಲಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡಂತೆ ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದಳು. ಮುಂದಿನ ವಾರಗಳಲ್ಲಿ ಅವಳು ಕಳಿಸಿದ ಫೋಟೋದಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ, ಗಟ್ಟಿಮುಟ್ಟಾದ ಅಣಬೆಗಳು ಎದ್ದು ನಿಂತಿದ್ದವು. ವಿಶಾಲಾ ಆ ಫೋಟೋವನ್ನು ಎಷ್ಟು ಸಲ ನೋಡಿದಳೋ, ಅವ್ವ ಅದಕ್ಕಿಂತ ಹೆಚ್ಚು ಸಲ ನೋಡಿದಳು. ತಿನ್ನುವ ಮಾತು ಬಂದಾಗ ಮಾತ್ರ, “ಸಾಕಿದ ಕೈಲೆ ಹೆಂಗ ತಿಂತಾರವ್ವಾ?” ಎಂದು ಎದ್ದು ಹೋದಳು.

ಬಿಸಿಲು ಇನ್ನೂ ಇಳಿದಿರಲಿಲ್ಲ. ಒಂದು ಮಧ್ಯಾಹ್ನ ಅವ್ವ ಕೋಣೆಯಿಂದ ಹೊರಗೆ ಬಂದು, ವಿಭೂತಿ ಹಚ್ಚಿಕೊಂಡು, ತೋಳು ಉಜ್ಜಿಕೊಳ್ಳುತ್ತ ಹೇಳಿದಳು: “ಲೇ ಪಂಪಾ, ಒಳಗ ಥಂಡಿ ಆಕ್ಕೈತಿ. ನನಗೊಂದು ಶಾಲು ತಗಂಬಾ.” ನಾನು ಬನಿಯನ್ನಿನ ತುದಿಯಿಂದ ಮುಖ ಒರೆಸಿಕೊಂಡು ಅವಳನ್ನೇ ನೋಡಿದೆ. ತಮಾಷೆಯಲ್ಲ, ನಿಜವಾಗಿಯೂ ನಡುಗುತ್ತಿದ್ದಳು. ಅಡುಗೆಮನೆಯಿಂದ ವಿಶಾಲಾಳ ಷರತ್ತು ಬಂತು. ಉಣ್ಣೆಯದು ಬೇಡ, ಎಳೆ ಉದುರುತ್ತದೆ. ಹತ್ತಿಯದೂ ಬೇಡ. ಅಂಚಿಗೆ ಕುಚ್ಚು ಇರಬಾರದು. ನುಣುಪಾಗಿರಬೇಕು, ಜಾಡಿಸಿದರೆ ಏನೂ ಬೀಳಬಾರದು.

ಹೀಗಾಗಿ ನಾನು ರಣಬಿಸಿಲಿನಲ್ಲಿ ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಗಳನ್ನು ಹತ್ತಿ ಇಳಿದೆ. ನನಗೆ ಗುರುತಿನ ಅಂಗಡಿಯೊಂದಕ್ಕೆ ಹೋಗಿ, “ಒಂದು ಶಾಲು ತೋರಸ್ರಿ, ಥಂಡಿಗೆ” ಎಂದೆ. ಅಂಗಡಿಯವನು ನನ್ನ ಮುಖದ ಬೆವರು ನೋಡಿದ, ಹೊರಗಿನ ರಸ್ತೆ ನೋಡಿದ. “ಪಂಪಣ್ಣ, ಒಳಗ ಬರ್ರಿ, ಕುಂದರ್ರಿ. ಮೊದಲು ನೀರು ಕುಡೀರಿ. ತಲಿ ತಿರುಗಾಕತ್ತೈತೇನು?” ಎಂದ. ಕ್ಲೀನ್ ರೂಮು, ಬೀಜಾಣು, ಅವ್ವ, ಎಸಿ ಎಲ್ಲವನ್ನೂ ವಿವರಿಸಿದೆ. ವಿವರಿಸಿದಷ್ಟೂ ಅವನಿಗೆ ನನ್ನ ಮೇಲಿನ ಕರುಣೆ ಹೆಚ್ಚಾಯಿತು. ಕೊನೆಗೆ ಎಲ್ಲೋ ಅಟ್ಟದಿಂದ ಷರತ್ತಿಗೆ ಹೊಂದುವ ಶಾಲೊಂದನ್ನು ಹುಡುಕಿ ಕೊಟ್ಟ. ತಿಳಿನೀಲಿ ಬಣ್ಣ, ನೀರಿನಂತೆ ಜಾರುತ್ತಿತ್ತು. ಮನೆಯವರೆಗೂ ನಡಿಗೆ. ನೆತ್ತಿ ಚುರುಗುಟ್ಟುತ್ತಿತ್ತು. ಕೈಯಲ್ಲಿ ಶಾಲಿತ್ತು. ಯಾವ ಮನುಷ್ಯನಾದರೂ ಮಾಡುವುದನ್ನೇ ನಾನೂ ಮಾಡಿದೆ, ತಲೆಯ ಮೇಲೆ ಹೊದ್ದುಕೊಂಡು ನಡೆದೆ.

ಬಾಗಿಲಲ್ಲಿ ವಿಶಾಲಾ ಕೈಗವಸು ತೊಟ್ಟೇ ಶಾಲನ್ನು ಇಸಿದುಕೊಂಡಳು. ಮುಟ್ಟಿ ನೋಡಿ ಮೆಚ್ಚಿದಳು, ಅಂಚು ನೋಡಿ ಮೆಚ್ಚಿದಳು. ಆಮೇಲೆ ನಡುವೆ ಒದ್ದೆಯಾದ ಜಾಗ ಅವಳ ಕಣ್ಣಿಗೆ ಬಿತ್ತು. “ಬರೂವಾಗ ಇದನ್ನ ಎಲ್ಲಿಟ್ಟಿದ್ರಿ?” ಎಂದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ತಲೆಗೂದಲಿನಲ್ಲಿದ್ದ ಗೋಣಿನಾರಿನ ಎಳೆಯೊಂದು ಶಾಲಿನ ಮೇಲಿಂದ ತಾನೇ ಹೇಳಿತು. ಅವಳು ಶಾಲನ್ನು ಎರಡೇ ಬೆರಳಲ್ಲಿ ಎತ್ತಿ, ಸನ್ಮಾನ ಮಾಡುವವರಂತೆ ನನ್ನ ಹೆಗಲ ಮೇಲೆ ಹೊದಿಸಿ ಒಳಗೆ ಹೋದಳು. ಕಿಂಡಿಯ ಆಚೆ ಅವ್ವನ ಮುಖಗವಸು ಅಲುಗುತ್ತಿತ್ತು. ಮೊದಲ ಬಾರಿಗೆ ಕ್ಲೀನ್ ರೂಮಿನ ನಿಯಮ ಮುರಿದು ಅವ್ವ ನಗುತ್ತಿದ್ದಳು.

ಮರುದಿನ ಇನ್ನೊಂದು ಶಾಲು ತರಲು ಹೋದೆ. ಈ ಸಲ ಅಂಗಡಿಯವನು ನನ್ನನ್ನು ಕಂಡ ಕೂಡಲೇ ಎದ್ದು ಫ್ಯಾನನ್ನು ನನ್ನ ಕಡೆಗೆ ತಿರುಗಿಸಿದ.